ಮೇಷ್ಟ್ರ ಮಡಿಲಿನ ಗಿಟಾರಿಗೆ ಒಬ್ಬ ದಂತವೈದ್ಯನ ದೂರು

ಮಾನ್ಯ ಗಿಟಾರ್ ಮಹಾಶಯರೇ,

ಮೇಷ್ಟ್ರ ಮಡಿಲಿನಲ್ಲಿ ಸದಾ ಸುಖಾಸೀನರಾಗಿರುವ ತಮ್ಮ ಶ್ರೀತಂತಿಗಳ ಸನ್ನಿಧಿಗೆ, ಪ್ರತಿ ಭಾನುವಾರ ಬೆಳಿಗ್ಗೆ ಎದುರಿನ ಸ್ಟೂಲಿನ ಮೇಲೆ ಕೂತು ಬೆವರುವ ಈ ದಂತವೈದ್ಯನ ಅನಂತ ನಮಸ್ಕಾರಗಳು. ತಾವು ಶ್ರುತಿಯಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನನ್ನ ಗಿಟಾರೂ ಕ್ಷೇಮ. ಬೆರಳುಗಳ ವಿಷಯ ಮಾತ್ರ ಕೇಳಬೇಡಿ. ಈ ಪತ್ರವನ್ನು ಸದ್ದಿಲ್ಲದೆ ತಮ್ಮ ಪೆಟ್ಟಿಗೆಯೊಳಗೆ ತುರುಕಬಹುದಿತ್ತು. ಆದರೆ ನನ್ನಂತೆಯೇ ಹೊಸ ಗಿಟಾರು ಬೆನ್ನಿಗೇರಿಸಿಕೊಂಡು ಮೇಷ್ಟ್ರ ಮೆಟ್ಟಿಲು ಹತ್ತಲಿರುವ ಅಮಾಯಕರ ಕಣ್ಣಿಗೂ ಬೀಳಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಊರಿನ ಮಕ್ಕಳ ಸೊಟ್ಟ ಹಲ್ಲುಗಳಿಗೆ ತಂತಿ ಬಿಗಿದು ಹೊಟ್ಟೆ ಹೊರೆಯುವವನು ನಾನು. ಬಿಗಿಯುವಾಗಲೆಲ್ಲ "ಸ್ವಲ್ಪ ನೋಯುತ್ತೆ, ಅಷ್ಟೆ" ಎನ್ನುವುದು ನನ್ನ ವೃತ್ತಿಧರ್ಮ. ತಮ್ಮ ಮೇಷ್ಟ್ರೂ ಹುಡುಗರಾಗಿದ್ದಾಗ ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಕೂತು ಆ ಮಾತು ಕೇಳಿದವರೇ. ಮೊದಲ ಪಾಠದ ದಿನ ನನ್ನ ಎಡಗೈ ಬೆರಳುಗಳನ್ನು ತಂತಿಯ ಮೇಲೆ ಒತ್ತಿ ಹಿಡಿದು ಅವರು "ಸ್ವಲ್ಪ ನೋಯುತ್ತೆ ಡಾಕ್ಟ್ರೇ, ಅಷ್ಟೆ" ಎಂದು ನಕ್ಕಾಗ, ಆ ನಗೆಯ ಹಲ್ಲುಸಾಲು ಎಷ್ಟು ನೇರವಾಗಿತ್ತೆಂದರೆ, ನೋವಿನ ನಡುವೆಯೂ ನನ್ನ ಕೈಕೆಲಸಕ್ಕೆ ನಾನೇ ಹೆಮ್ಮೆಪಟ್ಟೆ.

ನನ್ನ ದೂರು ನೋವಿನ ಬಗ್ಗೆ ಅಲ್ಲ. ಎಡಗೈ ಉಗುರು ಕತ್ತರಿಸಿಕೊಂಡು ಬನ್ನಿ, ಬೆರಳ ತುದಿ ಗಟ್ಟಿಯಾಗುವ ತನಕ ಹಲ್ಲು ಕಚ್ಚಿಕೊಂಡಿರಿ (ನನ್ನ ರೋಗಿಗಳಿಗೆ ನಾನು ಈ ಸಲಹೆ ಕೊಡುವುದಿಲ್ಲ), ಸೋಫಾದ ಬಣ್ಣಕ್ಕೆ ಹೊಂದುತ್ತದೆಂದು ಗಿಟಾರು ಕೊಳ್ಳಬೇಡಿ, ಅಂಗಡಿಗೆ ಹೋಗುವಾಗ ಮೇಷ್ಟ್ರನ್ನೂ ಕರೆದೊಯ್ಯಿರಿ ಎಂಬುದನ್ನೆಲ್ಲ ಹೊಸಬರಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಯಾರೂ ಹೇಳದೆ ಬಿಟ್ಟಿರುವುದು ತಮ್ಮ ಬಗ್ಗೆ.

ಪಾಠದ ಕೋಣೆಯಲ್ಲಿ ನಾನು ನುಡಿಸಲು ಹೊರಟರೆ ಸಾಕು, ಮೇಷ್ಟ್ರ ಕೈಯಲ್ಲಿ ತಾವೂ ಜೊತೆಗೆ ಹೊರಡುತ್ತಿದ್ದಿರಿ. ನಾನು ತಡವರಿಸಿದಲ್ಲಿ ತಾವು ತುಂಬಿದಿರಿ, ನಾನು ತಪ್ಪಿದಲ್ಲಿ ತಾವು ಮುಚ್ಚಿದಿರಿ, ನಾನು ತಾಳ ಬಿಟ್ಟಲ್ಲಿ ತಾವು ತಾಳ್ಮೆ ಹಿಡಿದಿರಿ. ಇಷ್ಟನ್ನೂ ಎಂಥ ಸೌಜನ್ಯದಿಂದ ಮಾಡಿದಿರೆಂದರೆ, ಆ ಕೋಣೆಯಲ್ಲಿ ಹರಿಯುತ್ತಿದ್ದ ಮಧುರ ನಾದವೆಲ್ಲ ನನ್ನದೇ ಎಂದು ನಾನು ನಂಬಿದೆ. ಮನೆಗೆ ಬಂದು ಅದೇ ಹಾಡು ನುಡಿಸಿದರೆ ಮಾತ್ರ ಹಳೇ ಕಬ್ಬಿಣದ ಗೇಟು ತೆರೆದಂತೆ ಕೇಳುತ್ತಿತ್ತು.

ಇಂಥ ಸಂದರ್ಭದಲ್ಲಿ ವಿವೇಕಿಗಳು ಯಾರನ್ನು ಅನುಮಾನಿಸುತ್ತಾರೋ ತಿಳಿಯದು. ನಾವು ಗಂಡಹೆಂಡತಿ ನಾನು ನುಡಿಸಲು ಕೂರುವ ನಮ್ಮ ಮನೆಯ ಹಾಲ್ ಅನ್ನು ಅನುಮಾನಿಸಿದೆವು. "ಆ ದಪ್ಪ ಕರ್ಟನ್ ಎಲ್ಲಾ ಸ್ವರಾನೂ ಕುಡಿದುಬಿಡತ್ತೆ ಕಣ್ರೀ" ಎಂದು ನನ್ನ ಹೆಂಡತಿ ಕರ್ಟನ್ ಬಿಚ್ಚಿಸಿದಳು. ಆಮೇಲೆ ಸೋಫಾ ಗೋಡೆಯಿಂದ ಗೋಡೆಗೆ ವಲಸೆ ಹೋಯಿತು. ಮೇಷ್ಟ್ರ ಮನೆಯಲ್ಲಿರುವಂಥದೇ ಸ್ಟೂಲನ್ನು ಬಡಗಿಯಿಂದ ಮಾಡಿಸಿ ತಂದೆ. ಇಷ್ಟಾಗಿ ನಮ್ಮ ಹಾಲ್ ಬಸ್ ನಿಲ್ದಾಣದ ಹಾಗೆ ಬಯಲಾಯಿತೇ ಹೊರತು ಗೇಟಿನ ಸದ್ದು ನಿಲ್ಲಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಹೆಂಡತಿ ನನ್ನನ್ನು ಕರೆದೊಯ್ಯಲು ಬಂದವಳು, ಮೇಷ್ಟ್ರ ಬಾಗಿಲಾಚೆಯೇ ಚಪ್ಪಲಿ ಕೈಯಲ್ಲಿ ಹಿಡಿದು ನಿಂತು ಇಡೀ ಹಾಡು ಕೇಳಿಸಿಕೊಂಡಳು. ಅದು ಅವಳಪ್ಪ, ಎಂದರೆ ನನ್ನ ಮಾವ, ಹೆಣ್ಣುಮಕ್ಕಳಿಬ್ಬರನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಡುವಾಗ ಹಾಡುತ್ತಿದ್ದ ಹಾಡು. ಹೊರಗೆ ಬಂದ ನನ್ನನ್ನು ಅವಳು ನೋಡಿದ ರೀತಿ ಹೇಗಿತ್ತೆಂದರೆ, ಮದುವೆಯ ಹೊಸತರಲ್ಲೂ ಅಂಥದೊಂದು ನೋಟ ನನಗೆ ಮಂಜೂರಾಗಿರಲಿಲ್ಲ. ಮನೆ ತಲುಪುವುದರೊಳಗೆ ಅವಳು ತಂಗಿಗೆ ಫೋನ್ ಮಾಡಿ, ಅಪ್ಪನ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಎಲ್ಲರೆದುರು ನಮ್ಮವರು ಗಿಟಾರ್ ನುಡಿಸುತ್ತಾರೆ ಎಂದು ಸಾರಿಯಾಗಿತ್ತು. ಫೋನಿನಾಚೆಯಿಂದ ನಾದಿನಿಯ ನಗು ನನ್ನ ಕಿವಿಗೂ ಬಿತ್ತು: "ಭಾವಂಗೆ ಬೇರೆಯವರ ಬಾಯಿ ತೆಗೆಸೋದು ಬಿಟ್ಟು ಬೇರೇನೂ ಬರಲ್ಲ ಕಣೇ ಅಕ್ಕ." ಹೆಂಡತಿ ಬಿಡಲಿಲ್ಲ. "ಅವತ್ತು ನಿನ್ನ ಬಾಯೇ ಮುಚ್ಚತ್ತೆ, ನೋಡ್ತಿರು." ಅಂದಿನಿಂದ ಪಣಕ್ಕಿದ್ದದ್ದು ನನ್ನ ಮಾನವಲ್ಲ, ಅವಳ ಮಾತು. ನಾದಕ್ಕಿಂತ ನಾದಿನಿಗೆ ಹೆಚ್ಚು ಹೆದರುವ ನನಗೆ ನಿದ್ದೆ ಹಾರಿಹೋಯಿತು.

ಹುಟ್ಟುಹಬ್ಬಕ್ಕೆ ಮುಂಚಿನ ಪಾಠದಲ್ಲಿ, ಹಾಡಿನ ನಡುವೆ, ತಮ್ಮ ತಂತಿಯೊಂದು ಪಟ್ಟನೆ ಹರಿಯಿತು. "ನಿಲ್ಲಿಸಬೇಡಿ ಡಾಕ್ಟ್ರೇ, ನುಡಿಸ್ತಾ ಇರಿ" ಎಂದು ಮೇಷ್ಟ್ರು ತಮ್ಮನ್ನು ಚಾಪೆಯ ಮೇಲೆ ಮಲಗಿಸಿ ಹೊಸ ತಂತಿ ಹುಡುಕಲು ಒಳಗೆ ಹೋದರು. ನಾನು ನುಡಿಸುತ್ತಲೇ ಇದ್ದೆ. ಆಗ ಆ ಪವಿತ್ರ ಕೋಣೆಯಲ್ಲಿ, ಕರ್ಟನ್ ಇಲ್ಲದ, ಸೋಫಾ ಇಲ್ಲದ ಆ ನಿರ್ದೋಷಿ ಕೋಣೆಯಲ್ಲಿ, ನಮ್ಮ ಮನೆಯ ಗೇಟು ತೆರೆಯತೊಡಗಿತು. ಯಾರಪ್ಪಾ ಇದು ಎಂದು ನಾನು ಹಿಂತಿರುಗಿಯೂ ನೋಡಿದೆ.

ಹೊಸ ತಂತಿಯೊಂದಿಗೆ ಹೊರಬಂದ ಮೇಷ್ಟ್ರನ್ನು, ಇದನ್ನು ಮೊದಲೇ ಏಕೆ ತಿಳಿಸಲಿಲ್ಲವೆಂದು ಕೇಳಿದೆ. ಅವರು ತಂತಿ ಸುತ್ತುತ್ತಾ ತಣ್ಣಗೆ, "ಮೊದಲ ದಿನಾನೇ ನಿಜ ಕೇಳಿಸಿಬಿಟ್ರೆ ಯಾರು ಎರಡನೇ ದಿನ ಬರ್ತಾರೆ ಡಾಕ್ಟ್ರೇ? ಹಲ್ಲು ಕೀಳೋ ಮುಂಚೆ ನೀವು ಇಂಜೆಕ್ಷನ್ ಕೊಡಲ್ವಾ? ಇದೂ ಹಾಗೇನೇ" ಎಂದರು. ವೃತ್ತಿಬಾಂಧವರೆಂದು ಒಪ್ಪಿ ಕೈಮುಗಿದೆ. ಆದರೆ ಮಹಾಶಯರೇ, ನನ್ನ ಇಂಜೆಕ್ಷನ್ ರೋಗಿ ಮನೆ ತಲುಪುವಷ್ಟರಲ್ಲಿ ಇಳಿಯುತ್ತದೆ. ತಮ್ಮದು ಮನೆಯವರಿಗೂ ಏರುತ್ತದೆ.

ಹುಟ್ಟುಹಬ್ಬದ ದಿನ ತಾವು ನನ್ನ ಬೆನ್ನ ಹಿಂದೆ ಪರದೆಯ ಮರೆಯಲ್ಲಿ ಅಡಗಿರಬೇಕೆಂದು ನಾನು ಬೇಡಿದ್ದು ತಮಗೆ ನೆನಪಿರಬಹುದು. ತಾವು ಮತ್ತು ಮೇಷ್ಟ್ರು ಅಂದು ಯಾರದೋ ಮದುವೆಗೆ ಮಾತು ಕೊಟ್ಟಾಗಿತ್ತು. ಹೆಂಡತಿಗೆ ಸತ್ಯ ಹೇಳುವ ಧೈರ್ಯ ಹುಡುಕುತ್ತಿರುವಾಗಲೇ ಕಾರು ಮಾವನ ಮನೆ ಮುಟ್ಟಿತು. ನೆಂಟರೆಲ್ಲ ಅರ್ಧವೃತ್ತವಾಗಿ ಕೂತರು. ಮಾವನವರು ಮುಂದಿನ ಕುರ್ಚಿಯಲ್ಲಿ, ನಾದಿನಿ ಅವರ ಪಕ್ಕದಲ್ಲಿ, ನಗುವನ್ನು ಸಿದ್ಧವಿಟ್ಟುಕೊಂಡು.

ಮೊದಲ ಸಾಲು ಹೇಗೋ ದಾಟಿತು. ಎರಡನೆಯದಕ್ಕೆ ಬೆರಳುಗಳನ್ನು ಒಂದು ಹಿಡಿತದಿಂದ ಇನ್ನೊಂದಕ್ಕೆ ಸಾಗಿಸಬೇಕು, ನನ್ನವು ದಾರಿಯಲ್ಲೇ ಉಳಿದವು. ತಾವು ಎಂದೂ ಕೇಳಿಸಗೊಡದ ಆ ಮೌನ ಅಂದು ಎಲ್ಲರಿಗೂ ಕೇಳಿಸಿತು. ಹೆಂಡತಿ ತಲೆಯೆತ್ತಿ ನನ್ನ ಕೈ ನೋಡಿದಳು. ಬಿಚ್ಚಿಸಿದ ಕರ್ಟನ್, ತಳ್ಳಿದ ಸೋಫಾ, ಬಾಗಿಲಾಚೆ ಕೇಳಿದ ಹಾಡು, ಎಲ್ಲವೂ ಆ ಒಂದು ನೋಟದಲ್ಲಿ ಅವಳಿಗೆ ತಿಳಿದುಹೋಯಿತು. ಉಳಿದ ಕಥೆಯನ್ನು ಅವಳು ಮನೆಯಲ್ಲಿ ವಿಚಾರಿಸಿಕೊಳ್ಳುತ್ತಾಳೆಂದು ನನಗೂ ತಿಳಿಯಿತು.

ಆದರೆ ಅವಳು ಆ ಮೌನದೊಳಗೇ ಹಾಡತೊಡಗಿದಳು. ನನ್ನ ಬೆರಳು ಊರು ಸೇರುವ ತನಕ ಕೊನೆಯ ಅಕ್ಷರವನ್ನು ಎಳೆದು ಹಿಡಿದಳು. ಸೇರಿದ ಮೇಲಷ್ಟೇ ಮುಂದಿನ ಸಾಲಿಗೆ ಕಾಲಿಟ್ಟಳು. ಮೂರನೆಯ ಸಾಲಿಗೆ ನಾದಿನಿಯೂ ಸೇರಿಕೊಂಡಳು, ಏಕೆಂದರೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರುತ್ತಿದ್ದವಳು ಅವಳೇ ಅಂತೆ. ಮಾವನವರು ಕುರ್ಚಿಯ ಕೈಯನ್ನು ಹ್ಯಾಂಡಲ್ಲಿನಂತೆ ಹಿಡಿದು ಕಣ್ಣು ಮುಚ್ಚಿದ್ದರು. ಹಾಡು ಏರುರಸ್ತೆಯ ಸೈಕಲ್ಲಿನಷ್ಟೇ ನಿಧಾನವಾಗಿ ಸಾಗಿ, ಬೀಳದೆ ಶಾಲೆ ಮುಟ್ಟಿತು. ನಾದಿನಿ ಕಣ್ಣೊರೆಸಿಕೊಂಡು, "ಅಕ್ಕ ಚೆನ್ನಾಗಿ ಹಾಡಿದ್ಳು ಭಾವ. ನೀವೂ... ಜೊತೆಗಿದ್ರಿ" ಎಂದಳು. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಹೊರಬಿದ್ದ ದಾಖಲೆ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು. ಪ್ರತಿ ಪಾಠದಲ್ಲಿ ಒಂದು ಹಾಡಿನ ಮಟ್ಟಿಗಾದರೂ ತಾವು ಗಂಟಲು ಕಟ್ಟಿಸಿಕೊಂಡು, ಹೊಸಬರಿಗೆ ಅವರವರ ಗೇಟಿನ ಸದ್ದನ್ನು ಅವರೇ ಕೇಳಲು ಬಿಡತಕ್ಕದ್ದು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಉಳಿದ ಆರು ದಿನ ನಮ್ಮ ಮನೆಗೇ ಬಂದು ವಾಸಿಸತಕ್ಕದ್ದು. ಕರ್ಟನ್ ಮತ್ತೆ ಹಾಕಿಸಿದ್ದೇವೆ, ಅಡಗಲು ಜಾಗವಿದೆ. ಎರಡೂ ಆಗದಿದ್ದರೆ, ಒಮ್ಮೆ ಬಂದು ನಮ್ಮ ಸೋಫಾದ ಕ್ಷಮೆಯನ್ನಾದರೂ ಕೇಳತಕ್ಕದ್ದು. ಅದು ತಪ್ಪೇ ಮಾಡಿರಲಿಲ್ಲ.

ಇಂತಿ, ಬೆರಳು ಮರಗಟ್ಟಿದರೂ ಕಿವಿ ಈಗಷ್ಟೇ ಎಚ್ಚೆತ್ತಿರುವ,
ತಮ್ಮ ವಿಶ್ವಾಸಿ,
ಎದುರಿನ ಸ್ಟೂಲಿನ ದಂತವೈದ್ಯ

ತಾ.ಕ.: ತಮ್ಮ ಮೇಷ್ಟ್ರ ಕೆಳಸಾಲಿನ ದವಡೆ ಹಲ್ಲು ಅಲುಗಾಡುತ್ತಿದ್ದು, ಅದನ್ನು ಕೀಳಿಸಲು ಅವರು ಬುಧವಾರ ನನ್ನಲ್ಲಿಗೆ ಬರುತ್ತಿದ್ದಾರೆ. ಮೊದಲು ಇಂಜೆಕ್ಷನ್ ಬೇಕೋ, ನಿಜ ಬೇಕೋ, ದಯವಿಟ್ಟು ತಾವೇ ಕೇಳಿ ತಿಳಿಸಿ. ಸ್ವಲ್ಪ ನೋಯುತ್ತೆ, ಅಷ್ಟೆ.