ಮೆಟ್ಟಿಲ ಲೈಟೂ ನಾದಿನಿಯ ಮದುವೆಯೂ

ಮನೆಯ ಗಂಡಸು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರೆ ಸಾಕು, ಹೆಂಗಸರಿಗೆ ಧಾರಾವಾಹಿ ನೋಡುವ ಅಗತ್ಯ ಬೀಳುವುದಿಲ್ಲ. ನಮ್ಮನೆಯಲ್ಲಿ ಇಂಥವು ಮುಗಿಯುವುದೇ ಇಲ್ಲ. ಒಂದು ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಕೆಟ್ಟಿರುತ್ತೆ. ಕೆಡಿಸಿದವರು ಯಾರು ಅಂತ ಬೇರೆ ಹೇಳಬೇಕೇ?

ನಾವಿರುವುದು ಸರ್ಜಾಪುರ ದಾಟಿದ ಮೇಲೆ ಸಿಗುವ ಒಂದು ಲೇಔಟಿನಲ್ಲಿ. ಕೆಳಗೆ ಹಾಲ್, ಅಡುಗೆಮನೆ, ಅತ್ತೆಯ ರೂಮು. ಮೇಲೆ ದೇವರ ಕೋಣೆ, ನಮ್ಮ ರೂಮು, ನಾದಿನಿಯ ರೂಮು. ನಡುವಿನ ಮೆಟ್ಟಿಲಿಗೆ ಕಿಟಕಿಯೇ ಇಲ್ಲ. ಬಿಲ್ಡರ್ ಮಹಾಶಯ ವಾಸ್ತು ಅಂತ ಹೇಳಿ ಇಟ್ಟಿಗೆ ಕಟ್ಟಿಬಿಟ್ಟಿದ್ದಾನೆ. ಹಾಗಾಗಿ ಮಟಮಟ ಮಧ್ಯಾಹ್ನವೂ ಅಲ್ಲಿ ಲೈಟ್ ಬೇಕು. ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು. ಕೆಳಗೆ ಹಾಕಿಕೊಂಡು ಹತ್ತಿ, ಮೇಲೆ ಹೋಗಿ ಆರಿಸಬಹುದು. ಎಷ್ಟು ಚೆನ್ನಾಗಿತ್ತು! ಮೇಲಿನ ಸ್ವಿಚ್ಚು ಕೆಟ್ಟಿತು ನೋಡಿ, ಶುರುವಾಯಿತು.

ಆಗ ನಾದಿನಿಗೆ ಗಂಡು ಹುಡುಕುತ್ತಿದ್ದೆವು. ಅವಳಿಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷಿಸುವ ಕೆಲಸ. ತಪ್ಪು ಹುಡುಕುವುದಕ್ಕೇ ಸಂಬಳ. ಬಂದ ಗಂಡುಗಳನ್ನೆಲ್ಲ ಬೇಡ ಬೇಡ ಅಂದು ಅತ್ತೆಗೆ ನಿದ್ದೆ ಇಲ್ಲದಂತೆ ಮಾಡಿದ್ದಳು. ಒಂದು ದಿನ ಸೊಪ್ಪು ಬಿಡಿಸುತ್ತಾ ಕೇಳಿಯೇಬಿಟ್ಟೆ, "ನಿಂಗೆ ಎಂಥೋನು ಬೇಕು ಹೇಳೇ ಮಾರಾಯ್ತಿ."

"ಎಂಥೋನಾದ್ರೂ ಆಗುತ್ತೆ ಅತ್ತಿಗೆ. ನಮ್ಮಣ್ಣನಂಥೋನು ಮಾತ್ರ ಬೇಡ."

ಅವಳ ಅಣ್ಣ ಅಂದರೆ ನಮ್ಮೆಜಮಾನರು. ನಾನು ಸೊಪ್ಪು ಬಿಡಿಸುತ್ತಾ ಹೋದೆ.

ಬಿಲ್ಡರ್ ವೇಸ್ಟ್ ಮಾಡಿದ ವೈರು

ನಮ್ಮೆಜಮಾನರು ಬೆಳ್ಳಂದೂರಿನ ಟೆಕ್ ಪಾರ್ಕಿನಲ್ಲಿ ಟೀಮ್ ಲೀಡ್. "ಎಲೆಕ್ಟ್ರಿಷಿಯನ್ ಕರೀರಿ" ಅಂದಿದ್ದಕ್ಕೆ, "ಎರಡು ಸ್ವಿಚ್ಚು, ಒಂದು ಬಲ್ಬು. ಇದಕ್ಕೆ ಎಲೆಕ್ಟ್ರಿಷಿಯನ್ನಾ? ನಾನೇನು ಕತ್ತೆ ಕಾಯ್ತಿದೀನಾ?" ಅಂದರು. ನಾನು ಉತ್ತರ ಕೊಡಲಿಲ್ಲ, ಒಳ್ಳೆ ಮನೆತನದಿಂದ ಬಂದವಳು.

ಶನಿವಾರ ಬೆಳಗ್ಗೆಯಿಂದ ಮೊಬೈಲಿನಲ್ಲಿ ವಿಡಿಯೋ ನೋಡಿದರು. ಅಂಗಡಿಗೆ ಹೋಗಿ ಸ್ವಿಚ್ಚು ತಂದರು. ಅಂಗಡಿಯವನು ಪಾಪ, "ಒನ್ ವೇ ಬೇಕಾ, ಟೂ ವೇ ಬೇಕಾ ಸಾರ್?" ಅಂತ ಕೇಳಿದನಂತೆ. ಇವರು, "ಒಂದೇ ಸಾಕು, ಇನ್ನೊಂದು ಮನೇಲಿ ಚೆನ್ನಾಗಿದೆ" ಅಂತ ಹೇಳಿ ಒನ್ ವೇ ತಂದಿದ್ದಾರೆ. ಎರಡು ಕಡೆಯಿಂದ ಹಾಕಿ ಆರಿಸುವ ಲೈಟಿಗೆ ಬೇಕಾದದ್ದು ಟೂ ವೇ ಅಂತೆ. ಮುಂದಿನಿಂದ ನೋಡಿದರೆ ಎರಡೂ ಒಂದೇ ಥರ ಇರುತ್ತವಲ್ಲ, ನಮಗೂ ತಿಳಿಯಲಿಲ್ಲ.

ಮೇನ್ ಆಫ್ ಮಾಡಿ ಬಿಚ್ಚಿದರೆ ಗೋಡೆಯಲ್ಲಿ ಮೂರು ವೈರು. ಸ್ವಿಚ್ಚಿನ ಹಿಂದೆ ಇರುವುದು ಎರಡೇ ಸ್ಕ್ರೂ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಂತು ಯೋಚಿಸುತ್ತಿದ್ದರು. ಇವರು ಎರಡು ವೈರು ಸಿಕ್ಕಿಸಿ, ಮೂರನೆಯದಕ್ಕೆ ಟೇಪು ಸುತ್ತಿ ಒಳಗೆ ತುರುಕಿದರು.

"ನೋಡಿದ್ಯಾ, ಬಿಲ್ಡರ್ ಎಂಥಾ ದಂಡಪಿಂಡ! ಇಷ್ಟು ವರ್ಷ ಒಂದು ವೈರು ಸುಮ್ಮನೆ ವೇಸ್ಟಾಗಿತ್ತು."

ಮನೆಮಂದಿಗೆಲ್ಲ ಟ್ರೈನಿಂಗು

ಲೈಟೇನೋ ಹತ್ತಿತು. ಆದರೆ ಮೇಲಿನ ಸ್ವಿಚ್ಚೂ ಕೆಳಗಿನ ಸ್ವಿಚ್ಚೂ ಎರಡೂ ಹಾಕಿದ್ದರೆ ಮಾತ್ರ. ಮೇಲೆ ಯಾರಾದರೂ ಆರಿಸಿದರೋ, ಕೆಳಗಿದ್ದವರು ತಲೆಕೆಳಗಾಗಿ ನಿಂತರೂ ಬೆಳಕಿಲ್ಲ. ಕೆಳಗೆ ಆರಿಸಿದರೆ ಮೇಲಿದ್ದವರ ಗತಿ ಅದೇ.

ತಪ್ಪಾಗಿದೆ ಅಂತ ಒಪ್ಪಿಕೊಂಡರೆ ಅವರು ಟೀಮ್ ಲೀಡ್ ಹೇಗಾದಾರು? ಮನೆಯ ವಾಟ್ಸಾಪ್ ಗುಂಪಿಗೆ ನಿಯಮ ಬಂತು: ಮೇಲಿನ ಸ್ವಿಚ್ಚನ್ನು ಯಾರೂ ಮುಟ್ಟತಕ್ಕದ್ದಲ್ಲ, ಮೇಲೆ ಯಾರಾದರೂ ಇರುವಾಗ ಕೆಳಗಿನದನ್ನೂ ಆರಿಸತಕ್ಕದ್ದಲ್ಲ.

ಅತ್ತೆ ಓದಿಸಿಕೊಂಡು ಕೇಳಿ, "ಅಂದ್ರೆ ಲೈಟು ಆರ್ಸಾದೇ ಬ್ಯಾಡ ಅನ್ನಪ್ಪಾ. ಅಷ್ಟು ಹೇಳಾಕೆ ಇಷ್ಟುದ್ದ ಯಾಕ ಬರ್ದೀ?" ಅಂದರು. ದಾವಣಗೆರೆ ಕಡೆಯವರು, ನೇರ ಮಾತು.

ಒಂದು ಸಂಜೆ ಅತ್ತೆ ಮೇಲೆ ಲಿಂಗಪೂಜೆ ಮುಗಿಸಿ ಇಳಿಯುತ್ತಿದ್ದಾರೆ, ಕೆಳಗೆ ನಾನು ಅಭ್ಯಾಸಬಲದಿಂದ ಲೈಟ್ ಆರಿಸಿಬಿಟ್ಟೆ. ಅತ್ತೆ ಅರ್ಧ ಮೆಟ್ಟಿಲಲ್ಲಿ ಕಂಬಿ ಹಿಡಿದು, "ಅಯ್ಯೋ ಶಿವನೇ! ಕತ್ತಲಾಗೆ ನಿಂತೀನಿ! ಕೈ ಬಿಡಬ್ಯಾಡೋ ತಂದೆ!" ಅಂತ ಮನೆ ಹಾರಿಹೋಗುವಂತೆ ಕೂಗಿದರು. ಮೇಲಿನ ರೂಮಿನಲ್ಲಿ ಇವರು ಅಮೆರಿಕದವರ ಜೊತೆ ಮೀಟಿಂಗಿನಲ್ಲಿದ್ದರು, ಮೈಕು ತೆರೆದೇ ಇತ್ತು. ಆ ಕಡೆಯವರು ಗಾಬರಿಯಾಗಿ ಏನಾಯಿತು ಅಂತ ಕೇಳಿದರಂತೆ.

"ನಥಿಂಗ್. ಮೈ ಮದರ್ ಈಸ್ ಪ್ರೇಯಿಂಗ್" ಅಂದರಂತೆ ನಮ್ಮೆಜಮಾನರು. ಅವರೆಲ್ಲ ಮೌನವಾಗಿ ತಲೆ ಬಾಗಿಸಿದರಂತೆ.

ತಜ್ಞರ ಸಮಿತಿ

ಇದಾದ ಮೇಲೆ ನಾನೇ ಕದ್ದು ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವನು ಏಣಿ ಇಡುವಷ್ಟರಲ್ಲಿ ಇವರು ಪ್ರತ್ಯಕ್ಷ. ಕರೆಂಟು ಅಂದರೇನು ಅನ್ನುವಲ್ಲಿಂದ ಶುರುಮಾಡಿ ಪಾಠ ಹೇಳಿದರು. ಅವನು ಸ್ವಲ್ಪ ಹೊತ್ತು ಕೇಳಿ, ಏಣಿ ಮಡಚಿ, "ಸಾರ್‌ಗೆ ಎಲ್ಲಾ ಗೊತ್ತೈತೆ ಬಿಡಿ ಅಕ್ಕ" ಅಂತ ಹೋದವನು ಆಮೇಲೆ ನನ್ನ ಫೋನೇ ಎತ್ತಲಿಲ್ಲ.

ಭಾನುವಾರ ಸಮಿತಿ ಕೂತಿತು. ನಮ್ಮೆಜಮಾನರು, ಅವರ ಆಫೀಸಿನ ಒಬ್ಬ ಸ್ನೇಹಿತ, ಎದುರುಮನೆಯಾತ. ಮೂವರಿಗೂ ಸೇರಿ ಒಂದು ಟೆಸ್ಟರು. ಸ್ನೇಹಿತ ಬೋರ್ಡು ಬಿಚ್ಚಿ, "ಯಾವನ್ ಗುರೂ ಇದನ್ನ ಮಾಡಿದ್ದು, ತಲೆ ಇಲ್ವಾ?" ಅಂದ. ನಮ್ಮೆಜಮಾನರು, "ಹೂಂ ಕಣೋ, ಈ ಲೋಕಲ್ ಎಲೆಕ್ಟ್ರಿಷಿಯನ್‌ಗಳೇ ಇಷ್ಟು" ಅಂದರು! ನಾನು ಅಲ್ಲೇ ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ನನ್ನ ಮುಖ ನೋಡಲಿಲ್ಲ, ಕಾಫಿ ಮಾತ್ರ ತೆಗೆದುಕೊಂಡರು.

ಮಂಡಕ್ಕಿ ಮುಗಿಯಿತು, ಮೆಣಸಿನಕಾಯಿ ಬಜ್ಜಿ ಮುಗಿಯಿತು, ನನ್ನ ಭಾನುವಾರವೂ ಮುಗಿಯಿತು. ಕೊನೆಗೆ ಮೇಲಿನ ಬಾತ್‌ರೂಮ್ ಫ್ಯಾನಿನ ಸ್ವಿಚ್ಚಿನಿಂದ ಒಂದು ವೈರು ಎಳೆದು ಏನೋ ಸೇರಿಸಿದರು. ಲೈಟು ಝಗ್ ಅಂತ ಹತ್ತಿತು. ಮೂವರೂ ಕೈಕುಲುಕಿದರು.

ಸಂಜೆ ತಿಳಿಯಿತು, ಈಗ ಮೆಟ್ಟಿಲಿನ ಸ್ವಿಚ್ಚುಗಳಿಗೂ ಆ ಲೈಟಿಗೂ ನಂಟೇ ಇಲ್ಲ. ಬಾತ್‌ರೂಮಿನ ಫ್ಯಾನು ಹಾಕಿದರೆ ಹತ್ತುತ್ತೆ, ಫ್ಯಾನು ಆರಿಸಿದರೆ ಆರುತ್ತೆ. ಅವತ್ತಿನಿಂದ ನಮ್ಮನೆಯಲ್ಲಿ ಯಾರು ಯಾವಾಗ ಬಾತ್‌ರೂಮಿಗೆ ಹೋದರು, ಎಷ್ಟು ಹೊತ್ತು ಕೂತರು ಅನ್ನುವುದು ಹಾಲಿನಲ್ಲಿದ್ದ ನೆಂಟರಿಗೂ ಗೊತ್ತಾಗತೊಡಗಿತು.

ಗಂಡಿನ ಕಡೆಯವರು ಬಂದರು

ಅಷ್ಟರಲ್ಲಿ ಒಂದು ಒಳ್ಳೆ ಸಂಬಂಧ ಬಂತು. ಹುಡುಗ ಪೀಣ್ಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿ, "ಇದೂ ತಪ್ಪಿದ್ರೆ ನಾನು ಇನ್ನ ಗಂಡು ಹುಡ್ಕಲ್ಲವ್ವಾ, ನನ್ನ ಕೈಲಿ ಆಗಲ್ಲ" ಅಂತ ಮಗಳ ಮುಂದೆ ಕಣ್ಣೀರು ಹಾಕಿದರು. ನಾದಿನಿಯ ಮುಖ ಸಣ್ಣಗಾಯಿತು. ನಮ್ಮೆಜಮಾನರಿಗೆ ಮಾತ್ರ ಒಂದೇ ಚಿಂತೆ, ಮೆಟ್ಟಿಲು. "ಬೆಳಗ್ಗೆಯಿಂದ ಫ್ಯಾನ್ ಆನ್ ಇರ್ಲಿ. ಯಾರೂ ಮುಟ್ಬೇಡಿ" ಅಂದರು.

ಹುಡುಗ, ಅವನ ಅಪ್ಪ, ಅಮ್ಮ ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗನ ಅಮ್ಮ ದೇವರ ಕೋಣೆ ನೋಡುತ್ತೇನೆ ಅಂತ ಅತ್ತೆಯ ಜೊತೆ ಮೇಲೆ ಹೋದರು. ನಾದಿನಿ ರೇಷ್ಮೆ ಸೀರೆ ನೆರಿಗೆ ಹಿಡಿದು ಇಳಿಯತೊಡಗಿದಳು. ಹಾಲಿನಲ್ಲಿ ಎಲ್ಲರ ಕಣ್ಣೂ ಮೆಟ್ಟಿಲ ಮೇಲೆ.

ಅದೇ ಹೊತ್ತಿಗೆ ಮೇಲಿಂದ ಹುಡುಗನ ಅಮ್ಮನ ದನಿ: "ಒಳಗೆ ಯಾರೂ ಇಲ್ಲ, ಫ್ಯಾನು ಸುಮ್ಮನೆ ತಿರುಗ್ತಾ ಇದೆಯಲ್ಲ!" ಟಕ್ಕಂತ ಸದ್ದು. ಅಚ್ಚುಕಟ್ಟಿನ ಹೆಂಗಸು, ಆರಿಸಿಬಿಟ್ಟರು. ಮೆಟ್ಟಿಲು ಗವ್ವೆಂದಿತು.

"ಅಮ್ಮಾ!" ಅಂದಳು ನಾದಿನಿ. ಧಪ್ ಅಂತ ಮೆಟ್ಟಿಲ ಮೇಲೆ ಕೂತ ಸದ್ದು ಕೇಳಿಸಿತು.

"ಏನಾಯ್ತೇ?" ಅಂತ ಓಡಿದೆ.

"ಏನಿಲ್ಲ ಅತ್ತಿಗೆ, ಕೂತ್ಕೊಂಡೆ. ಬಿದ್ದಿಲ್ಲ."

ನಮ್ಮೆಜಮಾನರು, ಬಾತ್‌ರೂಮಿನ ಫ್ಯಾನು ಹಾಕಿ ಅಂತ ನೆಂಟರ ಮುಂದೆ ಹೇಳಲಾಗದೆ ಬೆವರು ಒರೆಸಿಕೊಳ್ಳುತ್ತಾ, "ಸಣ್ಣ ಇಶ್ಯೂ ಅಷ್ಟೇ. ಬಿಲ್ಡರ್ ಮಾಡಿದ್ದು" ಅಂದರು. ಹುಡುಗನ ಅಪ್ಪ ಎದೆಯುಬ್ಬಿಸಿ, "ನಮ್ಮುಡುಗ ಇರೋವಾಗ ಏನು ಯೋಚನೆ? ಎರಡು ನಿಮಿಷ. ಎದ್ದೇಳಪ್ಪಾ, ಸರಿಮಾಡು" ಅಂದರು.

ನನ್ನ ಜೀವ ಹಾರಿಹೋಯಿತು. ಇನ್ನೊಬ್ಬ ತಜ್ಞ! ಮುಗೀತು, ಈ ಸಂಬಂಧವೂ ಹೋಯಿತು ಅಂದುಕೊಂಡೆ.

ಹುಡುಗ ಮೊಬೈಲ್ ಬೆಳಕು ಹಿಡಿದು ನಾದಿನಿಯನ್ನು ದಾಟಿ ಮೇಲೆ ಹೋದ. ಬೋರ್ಡಿನ ಮುಚ್ಚಳ ಅರ್ಧ ಕಿತ್ತುಕೊಂಡೇ ಇತ್ತು. ಒಳಗಿನ ವೈರು, ಟೇಪು ಎಲ್ಲ ನೋಡಿದ. ತುಂಬಾ ಹೊತ್ತು ನೋಡಿದ. ಮುಚ್ಚಳ ಒತ್ತಿ ಕೂರಿಸಿ, ಕೈ ಒರೆಸಿಕೊಂಡ.

"ನಂಗಿದು ಬರಲ್ಲ ಸಾರ್. ಗೊತ್ತಿರೋ ಎಲೆಕ್ಟ್ರಿಷಿಯನ್ ಯಾರನ್ನಾದ್ರೂ ಕರ್ಸಿ" ಅಂದ.

ಅವನಪ್ಪ ನಾಚಿಕೆಯಿಂದ ಕುಗ್ಗಿಹೋಗಿ, "ಅಲ್ಲಪ್ಪಾ, ನೀನು ಎಲೆಕ್ಟ್ರಿಕಲ್ ಇಂಜಿನಿಯರು..." ಅಂತ ತೊದಲಿದರು.

"ಫ್ಯಾಕ್ಟರೀಲೂ ನಾನು ಎಲೆಕ್ಟ್ರಿಷಿಯನ್ನೇ ಕರೆಯೋದು ಅಪ್ಪಾ."

ಆಗ ಮೆಟ್ಟಿಲ ಕತ್ತಲಿಂದ ನಾದಿನಿಯ ದನಿ ಬಂತು, ಸ್ಪಷ್ಟವಾಗಿ, ಇಡೀ ಮನೆಗೆ ಕೇಳುವಂತೆ: "ಅಮ್ಮಾ, ನಂಗೆ ಒಪ್ಪಿಗೆ. ಇವತ್ತೇ ಹೂ ಮುಡಿಸೋ ಶಾಸ್ತ್ರ ಮಾಡಿಬಿಡಿ."

ಅವಳು ಕೂತ ಮೆಟ್ಟಿಲ ಮೇಲೆಯೇ, ಮೊಬೈಲ್ ಬೆಳಕಿನಲ್ಲಿ ಹೂ ಮುಡಿಸಿದರು. ಅತ್ತೆ ಅತ್ತರು, ನಾನೂ ಅತ್ತೆ. ಅಡುಗೆಮನೆಗೆ ಬಂದು ಮತ್ತೊಂದು ಸುತ್ತು ಕಾಫಿಗೆ ಹಾಲಿಡುತ್ತಿದ್ದರೆ, ನಮ್ಮೆಜಮಾನರು ಹಿಂದೆಯೇ ಬಂದು ಪಿಸುಗುಟ್ಟಿದರು.

"ಅಲ್ವೇ, ಒಂದು ಸ್ವಿಚ್ಚು ಹಾಕೋಕೆ ಬರಲ್ಲ ಅಂದ ಅವನು. ಬಾಯಿಬಿಟ್ಟು ಹೇಳ್ದ! ಇವಳು ಅದೇನು ನೋಡಿ ಒಪ್ಪಿದ್ಳು?"

"ಅದನ್ನೇ ಕಣ್ರೀ" ಅಂದೆ.