ಕಂಬಳಿ ನೋಡಲು ಹೋದ ಎಂಟು ಹೆಂಗಸರು

ಭಾನುವಾರ ನಮ್ಮ ಮನೆಯಲ್ಲಿ ದೋಸೆ. ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ದೇವರಿಗೆ ದೀಪ ಹಚ್ಚಿ, ಮೊದಲ ದೋಸೆಯನ್ನು ಹಂಚಿಗೆ ಅರ್ಪಿಸಿ, ಎರಡನೆಯದನ್ನು ನಮ್ಮವರ ತಟ್ಟೆಗೆ ಹಾಕಿದೆ. ನಮ್ಮವರಿಗೆ ರಾಣೆಬೆನ್ನೂರು ಪೇಟೆಯಲ್ಲಿ ಬೀಜದ ಅಂಗಡಿ. ಭಾನುವಾರ ಅಂಗಡಿ ತಡವಾಗಿ ತೆಗೆಯುವುದರಿಂದ ಅವರಿಗೆ ಪ್ರಶ್ನೆ ಕೇಳಲು ಪುರುಸೊತ್ತು ಇರುತ್ತದೆ.

"ಇವತ್ತ ಎಲ್ಲಿಗೆ ಸವಾರಿ?"

"ಎಷ್ಟು ಸಲ ಹೇಳ್ಲಿ? ಕಂಬಳಿ ನೇಯೋರ ಮನಿಗೆ, ಮೇಡ್ಲೇರಿಗೆ. ನಾನಽ ಮುಂದಾಳು."

ಜಿಲ್ಲೆಯ ಕೆಲವು ಉತ್ಸಾಹಿಗಳು ಸೇರಿ, ಆ ಒಂದು ದಿನ ಕುಶಲಕರ್ಮಿಗಳ ಮನೆಬಾಗಿಲನ್ನು ಎಲ್ಲರಿಗೂ ತೆರೆಸಿದ್ದರು. ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವವರು, ಬ್ಯಾಡಗಿಯಲ್ಲಿ ಕೌದಿ ಹೊಲಿಯುವವರು, ಮೇಡ್ಲೇರಿಯಲ್ಲಿ ಕಂಬಳಿ ನೇಯುವವರು. ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ, ಕೂತು, ನೋಡಿ, ಮಾತಾಡಿಸಿ ಬರಬೇಕು. ನಮ್ಮ ಮಹಿಳಾ ಮಂಡಳದ ಪಾಲಿಗೆ ಭರಮಪ್ಪ ಎಂಬ ಹಿರಿಯ ನೇಕಾರರು ಬಂದಿದ್ದರು. ವರದಿ ಬರೆಯುವ ಹೊಣೆ ನನಗೆ ಬಿತ್ತು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ದುಂಡು ಅಕ್ಷರ ನನ್ನದು. ಅಕ್ಷರ ದುಂಡಗಿದ್ದವರಿಗೆ ದಾರಿಯೂ ಗೊತ್ತಿರುತ್ತದೆ ಎಂದು ಮಂಡಳ ನಂಬಿತು. ನಾನೂ ನಂಬಿದೆ.

"ಮನಿ ಗೊತ್ತೈತೇನು?" ಎಂದರು ನಮ್ಮವರು.

"ಕರಪತ್ರದಾಗ ಬರದಾರ. ಗುಡಿ ದಾಟಿದ ಮ್ಯಾಲ, ಬಾಗಿಲಿಗೆ ಮಾವಿನ ತೋರಣ, ಅಂಗಳದಾಗ ದೊಡ್ಡ ರಂಗೋಲಿ. ಮತ್ತೇನ ಬೇಕು?"

"ಒಂದು ಫೋನ್ ಮಾಡು."

"ಕಲಾವಿದರಿಗೆ ಫೋನ್ ಮಾಡಿ ದಾರಿ ಕೇಳೂದು ಚಂದ ಕಾಣಂಗಿಲ್ರಿ."

ಅವರು ದೋಸೆಯತ್ತ ತಿರುಗಿದರು.

ಎಂಟು ಜನ ಟಂಟಂ ಆಟೋ ಹತ್ತಿ ಮೇಡ್ಲೇರಿ ಮುಟ್ಟಿದೆವು. ಗುಡಿ ದಾಟಿದೊಡನೆ ತೋರಣವೂ ಕಂಡಿತು, ಅಂಗಳ ತುಂಬ ಬಣ್ಣದ ರಂಗೋಲಿಯೂ ಕಂಡಿತು. ನಾವು ಇಳಿಯುವ ಮೊದಲೇ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಯಜಮಾನರು ಓಡಿ ಬಂದರು.

"ಬರ್ರಿ, ಬರ್ರಿ. ಭಾಳ ಲಗೂ ಬಂದ್ರಿ. ಗಂಡಸರು ಹಿಂದಿಂದ ಬರ್ತಾರೇನ್ರಿ?"

"ಇಲ್ರಿ, ನಾವು ಹೆಣ್ಮಕ್ಕಳಽ ಬಂದೇವಿ."

"ಛಲೋ ಆತು ಬಿಡ್ರಿ," ಎಂದರು, ಸ್ವಲ್ಪ ಯೋಚಿಸಿ.

ನಡುಮನೆಯಲ್ಲಿ ಹೊಚ್ಚ ಹೊಸ ಕರಿ ಕಂಬಳಿ ಹಾಸಿತ್ತು. ನೇಯುವಾಗ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. "ಯಾರೂ ತುಳೀಬ್ಯಾಡ್ರಿ, ಇದು ಪ್ರದರ್ಶನದ್ದು," ಎಂದು ಮಂಡಳದವರಿಗೆ ಅಪ್ಪಣೆ ಕೊಟ್ಟೆ. ಎಂಟು ಜನ ಗೋಡೆಗೆ ಒರಗಿ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತೆವು.

"ಕುಂದ್ರಿ," ಎಂದರು ಯಜಮಾನರು.

"ಬ್ಯಾಡ್ರಿ, ನಿಂತಽ ನೋಡ್ತೀವಿ."

ಅವರ ಮುಖ ಬಾಡಿತು. ಮನೆಗೆ ಬಂದವರು ಹಾಸಿದ ಕಂಬಳಿಯ ಮೇಲೆ ಕೂರಲಿಲ್ಲವೆಂದರೆ ಮನೆಯವರಿಗೆ ಅವಮಾನ ಎಂಬುದು ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. "ನಮ್ಮ ಕಡಿಂದ ಏನರ ತಪ್ಪಾತೇನ್ರಿ?" ಎಂದು ಅವರು ಕೇಳುವ ಹೊತ್ತಿಗೆ ನಾನು ಮಂಡಿಯೂರಿ ಕಂಬಳಿಯ ಅಂಚು ಮಗುಚಿ, ಮೂಸಿ, ಎಳೆ ಜಗ್ಗಿ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಬಾಗಿಲಲ್ಲಿ ಬಂದು ನಿಂತ ಒಬ್ಬ ಮುದುಕರ ನೆರಳು ಕಂಬಳಿಯ ಮೇಲೆ ಬಿತ್ತು. "ಅಜ್ಜಾರ, ಸ್ವಲ್ಪ ಆ ಕಡೆ ಸರೀರಿ, ಫೋಟೋ ತಗೋಬೇಕು," ಎಂದೆ. ಪಾಪ, ಸರಿದರು.

"ಅಕ್ಕಾ, ಇಲ್ಲಿ ಮಗ್ಗನ ಕಾಣವಲ್ದು," ಎಂದಳು ಪಕ್ಕದಲ್ಲಿದ್ದ ಗೆಳತಿ ನಸೀಮಾ.

"ಮಗ್ಗ ಹಿತ್ತಲದಾಗ ಇರ್ತೈತಿ. ಮೊದಲ ಉಪಚಾರ, ಆಮ್ಯಾಲ ಕಲೆ."

ಉಪಚಾರ ಬಂತು. ಉಪ್ಪಿಟ್ಟಿನ ತಾಟು ಹಿಡಿದು ರೇಷ್ಮೆ ಸೀರೆಯ ಹುಡುಗಿಯೊಬ್ಬಳು ಬಂದಳು. ತಾಟಿನಂಚಿಗೆ ಅವಳ ಬಳೆ ತಗುಲಿ ಸಣ್ಣಗೆ ಸದ್ದಾಗುತ್ತಿತ್ತು. "ನಮ್ಮ ಮಗಳು, ಸುಧಾ," ಎಂದರು ಯಜಮಾನರು. ಕಲೆಯ ಮುಂದಿನ ತಲೆಮಾರು ಎಂದು ನನಗೆ ಕಣ್ಣು ತುಂಬಿ ಬಂತು.

"ಕೈ ತೋರಸವ್ವಾ. ಅಯ್ಯ, ಎಷ್ಟು ಮೆತ್ತಗ ಅದಾವ. ದಿನಾ ಕುಂದ್ರಂಗಿಲ್ಲೇನು?"

"ಎಲ್ಲಿ ಕುಂದ್ರೂದ್ರಿ?"

"ಮಗ್ಗಕ್ಕ."

ಅಡುಗೆಮನೆ ಬಾಗಿಲ ಹಿಂದಿನಿಂದ ಅವಳ ತಾಯಿಯ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು: "ಸೊಸಿನ್ನ ಮಗ್ಗಕ್ಕ ಕೂಡ್ರಸ್ತಾರಂತೇನು ಇವರು?"

ಸುಧಾ ನನ್ನ ಮುಖ ನೋಡಿದಳು, ಪುಸ್ತಕ ನೋಡಿದಳು. ನೀರು ಕೊಡುವ ನೆಪದಲ್ಲಿ ಬಗ್ಗಿ, "ಅಕ್ಕಾರ, ನೀವು ಖರೇ ಯಾರ್ರಿ?" ಎಂದಳು. ಹೇಳಿದೆ.

"ಭರಮಪ್ಪಜ್ಜನ ಮನಿ ಮುಂದಿನ ಓಣ್ಯಾಗ. ಇವತ್ತ ಇಲ್ಲಿ ನನ್ನ ನೋಡಾಕ ಬರೋರು ಅದಾರ್ರಿ."

ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ. ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಸುಧಾ ನನ್ನ ಭುಜ ಒತ್ತಿ ಅದೇ ಕಂಬಳಿಯ ಮೇಲೆ ಕೂರಿಸಿದಳು; ನನ್ನನ್ನು ನೋಡಿ ಉಳಿದ ಏಳು ಜನರೂ ಕೂತರು.

"ಏಳಬ್ಯಾಡ್ರಿ. ಹುಡುಗನೂ ನಾನೂ ಒಂದಽ ಆಫೀಸಿನ್ಯಾಗ ಕೆಲಸ ಮಾಡ್ತೀವಿ. ಮನಸ್ಸು ಕೂಡೇತಿ. ಅವನ ಸೋದರತ್ತಿ ಮೂರು ತಿಂಗಳಿಂದ ಫೋನಿನ್ಯಾಗಽ 'ನೋಡೋಣು' ಅನ್ನಾಕತ್ತಾರ. ಇವತ್ತೂ ಹಂಗಽ ಅಂದು ಹೋದ್ರ ಅಪ್ಪ ಬ್ಯಾರೆ ಕಡೆ ಮಾತು ಕೊಡ್ತಾನ. ನೀವು ಸುಮ್ಮ ಉಪ್ಪಿಟ್ಟು ತಿನ್ರಿ."

ಸುಳ್ಳು ಹೇಳಬಾರದೆಂದು ಸಿಸ್ಟರುಗಳು ಹತ್ತು ವರ್ಷ ಕಲಿಸಿದ್ದರು. ಉಪ್ಪಿಟ್ಟು ತಿನ್ನುವುದು ಸುಳ್ಳಾಗುತ್ತದೆಯೇ ಎಂಬ ಬಗ್ಗೆ ಅವರು ಏನೂ ಹೇಳಿರಲಿಲ್ಲ. ತಿಂದೆ.

ಹುಡುಗನ ಜೊತೆ ಒಳಗೆ ಬಂದ ಅವನ ಸೋದರತ್ತೆ, ಕಂಬಳಿ ತುಂಬಿ ಕೂತ ಎಂಟು ಹೆಂಗಸರನ್ನು ನೋಡಿ ಹೊಸ್ತಿಲಲ್ಲೇ ನಿಂತರು. ಯಜಮಾನರು ಒಮ್ಮೆ ಅವರನ್ನು, ಒಮ್ಮೆ ನಮ್ಮನ್ನು ನೋಡಿದರು.

"ನೀವು ಯಾವೂರವರ್ರಿ?" ಎಂದು ಅತ್ತೆ ನನ್ನನ್ನೇ ಕೇಳಿದರು.

"ರಾಣೆಬೆನ್ನೂರವರು."

"ನೋಡಿದ್ರೇನು?"

"ನೋಡಿದ್ವಿ."

"ಮನಸ್ಸಿಗೆ ಬಂತೇನು?"

ನಾನು ಕಂಬಳಿಯ ಮೇಲೆ ಕೈಯಾಡಿಸಿದೆ. ಸತ್ಯವನ್ನೇ ನುಡಿದೆ. "ಭಾಳ ಮನಸ್ಸಿಗೆ ಬಂತ್ರಿ. ಇಂಥಾದ್ದು ನಮ್ಮ ಪ್ಯಾಟ್ಯಾಗ ಹುಡುಕಿದ್ರೂ ಸಿಗಂಗಿಲ್ಲ. ಕೊಟ್ರ ಇವತ್ತಽ ಒಯ್ಯಬೇಕು ಅನಸೇತಿ."

ನಸೀಮಾಗೆ ಕೆಮ್ಮು ಹತ್ತಿತು.

"ಅದ್ಹೆಂಗ ಒಯ್ತೀರಿ? ಮೂರು ತಿಂಗಳಿಂದ ಮಾತು ನಡಸಿದೋರು ನಾವು," ಎಂದು ಅತ್ತೆ ಯಜಮಾನರತ್ತ ತಿರುಗಿದರು. "ನಮಗ ಒಪ್ಪಿಗಿ ಐತಿ. ಲಗೂನ ಸಕ್ರಿ ತರ್ರಿ."

ಅಲ್ಲಿಯವರೆಗೆ ತನ್ನ ಬೂಟನ್ನೇ ನೋಡುತ್ತಿದ್ದ ಹುಡುಗ ಮೊದಲ ಬಾರಿಗೆ ತಲೆ ಎತ್ತಿದ. ಸುಧಾಳ ಬಳೆಯ ಸದ್ದು ನಿಂತಿತ್ತು.

ಸಕ್ಕರೆ ಹಂಚಿ ಸಂಬಂಧ ಗಟ್ಟಿಯಾದ ಮೇಲೆ ನನ್ನ ಆತ್ಮಸಾಕ್ಷಿಗೆ ಎಚ್ಚರವಾಯಿತು. ಎದ್ದು ನಿಂತು, ಕರಪತ್ರ ತೋರಿಸಿ, ಎಲ್ಲವನ್ನೂ ಒಪ್ಪಿಕೊಂಡೆ. ಅತ್ತೆ ಸಕ್ಕರೆ ನುಂಗಿದರು.

"ಇದನ್ನ ಮೊದಲ ಹೇಳಾಕ ಏನಾಗಿತ್ರಿ?"

"ಬಾಯಾಗ ಉಪ್ಪಿಟ್ಟು ಇತ್ರಿ."

"ಶ್ಯಾಣ್ಯಾರದೀರಿ," ಎಂದರು. ಆಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. ಅವರು ನಕ್ಕ ಮೇಲೆ ಉಳಿದವರಿಗೂ ನಗಲು ಧೈರ್ಯ ಬಂತು.

"ಇನ್ನ ಭರಮಪ್ಪನವರ ಮನಿ ತೋರಸ್ರಿ," ಎಂದು ನಾನು ಮುಂದಾಳುತನವನ್ನು ಮತ್ತೆ ವಹಿಸಿಕೊಂಡೆ.

ಬಾಗಿಲ ಬಳಿ ಅಂಗೈಯಲ್ಲಿ ಸಕ್ಕರೆ ಹಿಡಿದು ನಿಂತಿದ್ದ, ನಾನು ಆಗಲೇ ಸರಿಸಿದ್ದ ಮುದುಕರು, "ನಾನಽ ರೀ ಭರಮಪ್ಪ," ಎಂದರು. "ಮುಂಜಾನಿಂದ ಮಗ್ಗ ಸಜ್ಜು ಮಾಡ್ಕೊಂಡು ಕುಂತಿದ್ದೆ. ನೀವು ಬರವಲ್ರಿ. ಇಲ್ಲಿ ಗದ್ದಲ ಕೇಳಿ ಬಂದೆ. ಈ ಕಂಬಳೀನೂ ನಾನಽ ನೇದದ್ದು."

"ಮತ್ತ ಹೇಳಬಾರದೇನ್ರಿ ಅಜ್ಜಾರ?"

"ಮೂಸಿ ನೋಡಾಕತ್ತಿದ್ರಿ. ನಡುವ ಯಾಕ ಬಾಯಿ ಹಾಕೂದು ಅಂತ ಸುಮ್ಮಿದ್ದೆ."

ಮಗ್ಗ ನೋಡಬಹುದೇ ಎಂದೆ. ಬೀಗರ ಊಟ ಬಿಟ್ಟು ಯಾರು ಮಗ್ಗಕ್ಕೆ ಕೂರುತ್ತಾರೆ ಎಂದು ಭರಮಪ್ಪಜ್ಜ ನಕ್ಕರು. ಊಟ ಮುಗಿಯುವಷ್ಟರಲ್ಲಿ ಟಂಟಂನವನು ಹಾರ್ನ್ ಒತ್ತತೊಡಗಿದ್ದ. ಎಂಟು ಹೆಂಗಸರು ಹೊಟ್ಟೆ ತುಂಬ ಉಂಡು, ಕುಂಕುಮ ಹಚ್ಚಿಸಿಕೊಂಡು, ಮಗ್ಗದ ಒಂದು ಕಡ್ಡಿಯನ್ನೂ ನೋಡದೆ ಊರಿಗೆ ಮರಳಿದೆವು. ವರದಿಯ ಪುಟದಲ್ಲಿ ದುಂಡು ಅಕ್ಷರದಲ್ಲಿ ಒಂದೇ ಸಾಲು ಇತ್ತು: "ಗಂಜಿಯ ವಾಸನೆ ಹಿತವಾಗಿದೆ."

ಸಂಜೆ ಹಿತ್ತಲಿಗೆ ಹೋಗುವಷ್ಟರಲ್ಲಿ ನಮ್ಮವರು ಸುದ್ದಿಯನ್ನು ಓಣಿಗೆಲ್ಲ ಮುಟ್ಟಿಸಿದ್ದರು. ಪಕ್ಕದ ಮನೆಯ ಗಂಗಕ್ಕ ಗೋಡೆಯ ಆಚೆ ಒಣಗಿದ ಬಟ್ಟೆ ಮಡಚುತ್ತಿದ್ದವರು, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು:

"ನಮ್ಮ ತಮ್ಮಗ ನಾಕು ವರ್ಷದಿಂದ ಹೆಣ್ಣು ಹುಡುಕಾಕತ್ತೇವ್ರಿ. ಇನ್ನೊಮ್ಮೆ ನೀವು ಮನಿ ತಪ್ಪಿ ಹೋಗೂ ಮುಂದ ಅವನ್ನೂ ಕರ್ಕೊಂಡು ಹೋಗ್ರಿ."