ನನ್ನ ನಿರಾಯಾಸ ಗೆಲುವುಗಳು

ಹೆಂಡತಿ ಸೋತಳೆಂದು ಯಾವ ಗಂಡನಾದರೂ ಸಂಕಟಪಟ್ಟದ್ದುಂಟೇ? ನಾನು ಪಟ್ಟಿದ್ದೇನೆ. ಸತತ ನಾಲ್ಕು ಶನಿವಾರ ಕೇರಂ ಆಟದಲ್ಲಿ ನಾನೇ ಗೆದ್ದೆ. ಅದೂ ಹೇಗೆ? ಇಪ್ಪತ್ತೊಂಬತ್ತು–ಸೊನ್ನೆ! ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಅದಕ್ಕೆ ಮೊದಲು ನಾನು ಗೆದ್ದದ್ದು ಒಂದೇ ಸಲ. ಆವತ್ತು ಅವಳಿಗೆ ನೂರಮೂರು ಡಿಗ್ರಿ ಜ್ವರ. (ಜ್ವರ ಇಳಿದ ಮೇಲೆ ಆ ಗೆಲುವನ್ನೂ ರದ್ದುಪಡಿಸಿದಳು.)

ನಮ್ಮ ಮನೆಯ ಕಾನೂನಿನ ಪ್ರಕಾರ ಶನಿವಾರ ಸಂಜೆ ಗೆದ್ದವರ ಮಾತು ಮುಂದಿನ ಶನಿವಾರದವರೆಗೆ ನಡೆಯಬೇಕು. ಪರದೆಯ ಬಣ್ಣ, ಪಾತ್ರೆ ತೊಳೆಯುವ ಪಾಳಿ, ಯಾವ ಷಡ್ಡಕನ ಮನೆಗೆ ಯಾವಾಗ ಹೋಗುವುದು, ಎಲ್ಲವೂ ಅಲ್ಲೇ ಇತ್ಯರ್ಥ. ವಿನಾಯಿತಿ ಇದ್ದದ್ದು ಒಂದಕ್ಕೇ, ನನ್ನ ಕುರ್ಚಿಗೆ. ಅಪ್ಪ ಕೂರುತ್ತಿದ್ದ ಸ್ಪ್ರಿಂಗಿನ ಕುರ್ಚಿ ಅದು. ಅದರ ಒಂದು ಸ್ಪ್ರಿಂಗು ಹೊರಗೆ ಇಣುಕಿ ಈವರೆಗೆ ನನ್ನ ಮೂರು ಪ್ಯಾಂಟು, ಅವಳ ಅಣ್ಣನದೊಂದು ಪ್ಯಾಂಟು ಹರಿದಿತ್ತು. ಅದನ್ನು ಗುಜರಿಗೆ ಹಾಕಿಸುವುದು ಅವಳ ಜೀವಮಾನದ ಗುರಿ. ಆದರೆ ಕಾನೂನು ಬರೆದ ದಿನವೇ ನಾನು ಕೊನೆಯಲ್ಲಿ ಒಂದು ಸಾಲು ಸೇರಿಸಿಕೊಂಡಿದ್ದೆ: 'ಯಜಮಾನನೇ ಬಾಯಿಬಿಟ್ಟು ಪಣಕ್ಕಿಡದ ಹೊರತು ಕುರ್ಚಿ ಆಟದಿಂದ ಹೊರಗೆ.' ನಾನೇನು ಪೆದ್ದನೇ?

ನನ್ನ ಉದ್ಯೋಗವನ್ನೂ ಹೇಳಿಬಿಡುತ್ತೇನೆ. ಪತ್ರಿಕೆಯೊಂದರ ಕ್ರೀಡಾಪುಟಕ್ಕೆ ತಲೆಬರಹ ಕೊಡುವವನು ನಾನು. ಇನ್ನೊಬ್ಬರು ಬೆವರು ಸುರಿಸಿ ಗೆದ್ದದ್ದಕ್ಕೆ ಪದ ಹುಡುಕುವುದೇ ನನ್ನ ಹೊಟ್ಟೆಪಾಡು. ಮೇಜಿನ ಗಾಜಿನಡಿ ಒಂದು ಪಟ್ಟಿಯಿದೆ. ಕೂದಲೆಳೆಯ ಅಂತರವಾದರೆ 'ರೋಚಕ ಗೆಲುವು'. ಸ್ವಲ್ಪ ಹೆಚ್ಚಾದರೆ 'ಸುಲಭ ಜಯ', ಇನ್ನೂ ಹೆಚ್ಚಾದರೆ 'ನಿರಾಯಾಸ', ಅದಕ್ಕೂ ಮೇಲೆ 'ಭರ್ಜರಿ'. ಜಾಗ ಮಿಕ್ಕರೆ 'ಮಣ್ಣುಮುಕ್ಕಿಸಿದ'. ಎದುರಾಳಿಗೆ ಸೊನ್ನೆ ಬಂದರೆ ಮಾತ್ರ 'ಧೂಳೀಪಟ'. ಇದನ್ನು ಕಂಡಕಂಡಲ್ಲಿ ಬಳಸಿದರೆ ನಮ್ಮ ಮುಖ್ಯಸ್ಥರು ನನ್ನನ್ನೇ ಧೂಳೀಪಟ ಮಾಡುತ್ತಾರೆ. ಸೋತದ್ದು ನಮ್ಮೂರಿನ ತಂಡವಾದರೆ, ಅಂತರ ಎಷ್ಟೇ ಇರಲಿ, 'ವೀರೋಚಿತ ಸೋಲು'. (ಆ ವೀರರು ಮೈದಾನಕ್ಕೆ ತಡವಾಗಿ ಬಂದು ಬೇಗ ಹೋಗಿರುತ್ತಾರೆ, ಆ ಮಾತು ಬೇರೆ.)

ಇಂಥವನು ಇಪ್ಪತ್ತೊಂಬತ್ತು–ಸೊನ್ನೆ ಗೆದ್ದು ಬಾಯಿಮುಚ್ಚಿಕೊಂಡು ಇರುವುದುಂಟೇ? ಮೊದಲ ವಾರವೇ ವರದಿ ಬರೆದು ಕಟ್ಟಡದ ಮೆಟ್ಟಿಲ ಬಳಿಯ ಸೂಚನಾಫಲಕಕ್ಕೆ ಅಂಟಿಸಿದೆ: 'ಮೂರನೇ ಮಹಡಿಯ ಮಡದಿ ಧೂಳೀಪಟ!' ಅದನ್ನು ಓದಿ ಮೇಲೆ ಬಂದವಳು ಏನೆಂದಳು ಗೊತ್ತೇ?

"ಚೆನ್ನಾಗಿ ಬರೆದಿದ್ದೀರಿ ರೀ. ಕಾಫಿ ಕೊಡ್ಲಾ?"

ಕೇಳದೆ ಬಂದ ಮೊದಲ ಕಾಫಿ ಅದು. ಮೂಸಿ ನೋಡಿ ಕುಡಿದೆ.

ಎರಡನೇ ವಾರವೂ ಸೊನ್ನೆ. ವರದಿಯನ್ನೇನೋ ಅಂಟಿಸಿದೆ, ಆದರೆ ತಲೆಯೊಳಗೆ ಹುಳ ಹೊಕ್ಕಿತು. ಇವಳು ಏನೋ ಮಸಲತ್ತು ಮಾಡುತ್ತಿದ್ದಾಳೆ!

"ನಿಮ್ಮಣ್ಣ ಬಂದು ಆರು ತಿಂಗಳು ಇರ್ತಾನೇನೇ?"

"ಇಲ್ವಲ್ಲ."

"ನನ್ನ ಸ್ಕೂಟರಿಗೆ ಏನಾದ್ರೂ ಮಾಡಿದ್ಯಾ?"

"ಅದಕ್ಕೆ ಮಾಡೋಕೆ ಇನ್ನೇನು ಉಳಿದಿದೆ?"

"ಮತ್ತೆ ಯಾಕೆ ಸೋಲ್ತಾ ಇದ್ದೀಯ?"

"ನೀವು ಚೆನ್ನಾಗಿ ಆಡ್ತಿದ್ದೀರಿ, ಅದಕ್ಕೆ."

ಈ ಉತ್ತರ ಕೇಳಿದ ಮೇಲಂತೂ ನನ್ನ ಅನುಮಾನ ಇಮ್ಮಡಿಯಾಯಿತು. ಕಣ್ಣು ಮಂಜಾಗಿದೆಯೋ ಎಂದು ಪತ್ರಿಕೆಯ ಕೊನೆಯ ಪುಟದ ಅತಿ ಸಣ್ಣ ಅಕ್ಷರ ಓದಿಸಿದೆ. ಗಡಗಡ ಓದಿದ್ದಲ್ಲದೆ ನನ್ನ ಪುಟದಲ್ಲಿದ್ದ ಎರಡು ತಪ್ಪನ್ನೂ ಹುಡುಕಿಕೊಟ್ಟಳು. ಬೋರ್ಡೇ ವಾಲಿದೆಯೋ ಎಂದು ಮಧ್ಯದಲ್ಲಿ ಗೋಲಿ ಇಟ್ಟು ನೋಡಿದೆ. ಕದಲಲಿಲ್ಲ. ಮೂರನೇ ವಾರವೂ ಸೊನ್ನೆ, ನಾಲ್ಕನೇ ವಾರವೂ ಸೊನ್ನೆ. ಹಿಂದೆ ಕಣ್ಣುಮುಚ್ಚಿ ಹೊಡೆದರೂ ಕೆಂಪು ಕಾಯಿ ತೂತಿಗೆ ಬೀಳಿಸುತ್ತಿದ್ದವಳು, ಈಗ ತೂತಿನ ಬಾಯಲ್ಲೇ ಕೂತ ಕಾಯಿಯನ್ನೂ ತಪ್ಪಿಸುತ್ತಿದ್ದಳು. ತಪ್ಪಿದಾಗ "ಅಯ್ಯೋ" ಎನ್ನುತ್ತಿದ್ದಳು. ಆ "ಅಯ್ಯೋ" ತುಸು ಬೇಗ ಬರುತ್ತಿತ್ತು ಎಂದು ನನಗೆ ಈಗ ಹೊಳೆಯುತ್ತದೆ.

ಆ ಮೇಲಿನ ಬುಧವಾರ ಕಚೇರಿಯಿಂದ ಬೇಗ ಬಂದೆ. ಅವಳು ಕೆಳಗಿನ ಮನೆಯಿಂದ ಹತ್ತಿ ಬರುತ್ತಿದ್ದಳು. ಬಲಗೈ ತೋರುಬೆರಳಿನ ಉಗುರು ಬೆಳ್ಳಗಿತ್ತು.

"ಏನೇ ಅದು?"

"ಹಿಟ್ಟು."

ಸೀದಾ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ತೆಗೆದೆ. ಖಾಲಿ! ಸಿಕ್ಕಿಬಿದ್ದಳು! ಅದು ಕೇರಂ ಪೌಡರು. ಅಂದರೆ ಕೆಳಗಿನ ಮನೆಯಲ್ಲಿ ಕದ್ದು ಅಭ್ಯಾಸ ಮಾಡುತ್ತಿದ್ದಾಳೆ. ಕದ್ದು ಅಭ್ಯಾಸ ಮಾಡಿಯೂ ಸೊನ್ನೆ! ಛೆ, ಪಾಪ! ಒಂದು ತಿಂಗಳ ಅನುಮಾನವೆಲ್ಲ ಅಲ್ಲೇ ಕರಗಿತು. ಅವಳಿಗೆ ಕೈ ಹೋಗಿದೆ, ನನಗೆ ಕೈ ಬಂದಿದೆ, ಅಷ್ಟೇ. ನಾನು ಉಬ್ಬಿಹೋದೆ.

ಮಾರನೆಯ ದಿನ ಆ ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರು ಬಂದರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಕೊರಳಿನ ಸೀಟಿ ಇಳಿಸದ ಮನುಷ್ಯ.

"ಭಾನುವಾರ ಕಟ್ಟಡದ ಕೇರಂ ಪಂದ್ಯ ಇಟ್ಕೊಂಡಿದ್ದೀನಿ. ಹದಿನಾರು ಜನ. ಸೂಚನಾಫಲಕ ನೋಡಿಯೇ ಶ್ರೇಯಾಂಕ ಮಾಡಿದೆ, ನಿಮ್ಮಷ್ಟು ಲಿಖಿತ ದಾಖಲೆ ಬೇರೆ ಯಾರೂ ಇಟ್ಟಿಲ್ಲ ನೋಡಿ. ನೀವು ಒಂದನೇಯವರು. ನಿಮ್ಮನೆಯವರು ಹದಿನಾರನೇಯವರು. ಒಂದನೇಯವರಿಗೆ ಹದಿನಾರನೇಯವರು ಎದುರಾಳಿ. ಎಲ್ಲ ಕಡೆ ಹಾಗೇ ಅಲ್ವೇ?"

ಇವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ನನ್ನ ಬಿಟ್ಬಿಡಿ ಮೇಷ್ಟ್ರೇ. ನಾಲ್ಕು ಜನರ ಮುಂದೆ ಇವರ ಕೈಲಿ ಹೊಡೆಸಿಕೊಂಡು ನನಗೇನು ಸಿಗತ್ತೆ? ಪಣ ಗಿಣ ಏನೂ ಇಲ್ಲದ ಆಟ."

ನನ್ನ ಕರುಳು ಚುರ್ ಎಂದಿತು. "ಹೆದರಬೇಡ ಕಣೇ! ನೀನು ಗೆದ್ರೆ ನನ್ನ ಕುರ್ಚಿ ಗುಜರಿಗೆ! ಬರ್ಕೊಳ್ಳಿ ಮೇಷ್ಟ್ರೇ!"

ಮೇಷ್ಟ್ರು ಬರೆದುಕೊಂಡರು.

"ತಾರೀಕೂ ಹಾಕಿಬಿಡಿ," ಅಂದಳು ಇವಳು.

ಆ ದನಿ ಎಲ್ಲೋ ಕೇಳಿದ ದನಿಯಾಗಿತ್ತು. ಹಳೆಯ ಶನಿವಾರಗಳ ದನಿ. ಆದರೆ ಅಷ್ಟು ಹೊತ್ತಿಗೆ ಮೇಷ್ಟ್ರು ಸಹಿಗೆ ಪುಸ್ತಕ ಚಾಚಿದ್ದರು.

ಆ ವಾರದ ಶನಿವಾರದ ಆಟವನ್ನು ಪಂದ್ಯಕ್ಕೆಂದೇ ಬಿಟ್ಟೆವು. ಭಾನುವಾರ, ವಾಹನ ನಿಲ್ಲಿಸುವ ಜಾಗದಲ್ಲಿ ಬೋರ್ಡು, ಸುತ್ತ ಇಡೀ ಕಟ್ಟಡ. ಮೇಷ್ಟ್ರು ಸೀಟಿ ಊದಿದರು. ಮೊದಲು ಹೊಡೆಯುವ ಅವಕಾಶ ಅವಳಿಗೆ ಬಂತು. ನನ್ನ ಪಾಳಿ ಯಾವಾಗ ಬರುತ್ತದೆಂದು ಮಂಡಿಯ ಮೇಲೆ ಕೈಯಿಟ್ಟು ಕಾದೆ. ಬಂದದ್ದು ಎರಡೇ ಸಲ. ಒಂದು ಸಲ ಕಾಯಿ ತಪ್ಪಿತು, ಇನ್ನೊಂದು ಸಲ ಬರೀ ಸ್ಟ್ರೈಕರ್ ತೂತಿಗೆ ಬಿತ್ತು. ಹನ್ನೊಂದು ನಿಮಿಷದಲ್ಲಿ ಎಲ್ಲ ಮುಗಿಯಿತು. ಇಪ್ಪತ್ತೊಂಬತ್ತು–ಸೊನ್ನೆ, ಆ ಕಡೆಗೆ.

"ಬುಧವಾರ ಬುಧವಾರ ನನ್ನನ್ನೂ ಹೀಗೇ ಹೊಡೀತಿದ್ದಳು ಕಣ್ರೀ!" ಎಂದು ಮೇಷ್ಟ್ರ ಹೆಂಡತಿ ಹೆಮ್ಮೆಯಿಂದ ಎಲ್ಲರಿಗೂ ಸಾರಿದರು.

ಗುಜರಿಯವನು ಗಾಡಿ ಸಮೇತ ಗೇಟಿನಲ್ಲೇ ನಿಂತಿದ್ದ. ಶುಕ್ರವಾರವೇ ಹೇಳಿಟ್ಟಿದ್ದಳಂತೆ! ಅಪ್ಪನ ಕುರ್ಚಿ ಮೆಟ್ಟಿಲಿಳಿಯುವಾಗ ನಿಜವಾಗಿಯೂ ಅಳು ಬಂತು. ಇಳಿಯುವ ಮುನ್ನ ಅದು ಗುಜರಿಯವನ ಅಂಗಿಯನ್ನೂ ಪರ್ ಎಂದು ಹರಿದದ್ದಷ್ಟೇ ನನಗೆ ಸಮಾಧಾನ.

ಮೇಲೆ ಬಂದಾಗ ಇವಳು ಹಾಳೆ, ಪೆನ್ನು ಹಿಡಿದು ಕಾಯುತ್ತಿದ್ದಳು.

"ವರದಿ ಬರೀರಿ. ಜನ ಫಲಕದ ಹತ್ರ ಬಂದು ಬಂದು ನೋಡಿ ಹೋಗ್ತಿದ್ದಾರೆ."

ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು ಬರೆದೆ: 'ಮೂರನೇ ಮಹಡಿಯ ಗಂಡನ ವೀರೋಚಿತ ಸೋಲು.'

ಅವಳು ಓದಿದಳು. ನನ್ನ ಜೇಬಿನಿಂದಲೇ ಕೆಂಪು ಪೆನ್ನು ತೆಗೆದು, 'ಗಂಡ' ಎಂಬಲ್ಲಿಗೆ ನಿಲ್ಲಿಸಿ, ಮುಂದಿನದನ್ನೆಲ್ಲ ಹೊಡೆದುಹಾಕಿ, 'ಧೂಳೀಪಟ' ಎಂದು ದುಂಡಗೆ ತಿದ್ದಿದಳು.

"ಸೊನ್ನೆ ಬಂದ್ರೆ ಇದೇ ಅಲ್ವಾ ನಿಮ್ಮ ಪಟ್ಟೀಲಿ?"

ಪಟ್ಟಿಯ ಪ್ರಕಾರ ಸರಿಯಾಗಿಯೇ ಇತ್ತು. ನಾನು ಶುದ್ಧಪ್ರತಿ ಮಾಡಿಕೊಟ್ಟೆ, ನಿಂತುಕೊಂಡೇ.